ಮೈಟೋಕಾಂಡ್ರಿಯಾದ ಆಕಾರ ನಿಜವಾಗಿ ಹೇಗಿರುತ್ತದೆ? ಅದನ್ನು ತೀರ್ಮಾನಿಸುವುದು ಯಾರು?

ತುಂಗಾತೀರ_ಟೀಚರ್

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಒಂಬತ್ತನೇ ತರಗತಿಗೆ ಈಗ ಜೀವಕೋಶದ ಪಾಠ. ಪುಸ್ತಕದಲ್ಲಿ ಮೈಟೋಕಾಂಡ್ರಿಯಾ (ಕೋಶಕ್ಕೆ ಶಕ್ತಿ ತಯಾರಿಸುವ ಭಾಗ) ಅಂದರೆ ಎಲ್ಲರಿಗೂ ಗೊತ್ತಿರುವ ಅದೇ ಚಿತ್ರ. ಕ್ಯಾಪ್ಸೂಲ್ ಆಕಾರ, ಎರಡು ಪೊರೆ, ಒಳಪೊರೆಯಲ್ಲಿ ಮಡಿಕೆಗಳು. ತರಗತಿಯ ಒಬ್ಬ ಹುಡುಗಿ ಜೀವಂತ ಕೋಶದ ವಿಡಿಯೋ ನೋಡಿಕೊಂಡು ಬಂದಿದ್ದಾಳೆ. ಅದರಲ್ಲಿ ಉದ್ದುದ್ದ ಎಳೆಗಳು ಹರಿದಾಡುತ್ತವೆ, ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಮತ್ತೆ ತುಂಡಾಗುತ್ತವೆ. "ಮಿಸ್, ಎರಡರಲ್ಲಿ ಯಾವುದು ಸರಿ?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಸುಮ್ನೆ "ಎರಡೂ ಸರಿ" ಅಂತ ಹೇಳಿ ಮುಗಿಸಲು ಮನಸ್ಸಿಲ್ಲ.

ಇನ್ನೊಂದು ವಿಷಯ. ಪುಸ್ತಕದಲ್ಲಿ ಕೋಶದೊಳಗಿನ ಒಂದೊಂದು ಕಣದಂಗಕ್ಕೆ ಒಂದೊಂದು ಪ್ಯಾರಾ ಇದೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ, ಗಾಲ್ಗಿ, ಲೈಸೋಸೋಮ್, ಮೈಟೋಕಾಂಡ್ರಿಯಾ ಎಲ್ಲವೂ ಬೇರೆ ಬೇರೆ. ಇವುಗಳ ನಡುವೆ ಸಂಬಂಧ ಏನೂ ಇಲ್ಲವೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಪೊರೆಯೊಳಗೆ

ಮೇಡಂ, ನಾನು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಜೀವಂತ ಕೋಶಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದೇ ನನ್ನ ಕೆಲಸ. ಆ ಹುಡುಗಿ ನೋಡಿದ್ದು ಸರಿಯಾಗಿಯೇ ಇದೆ.

ಪುಸ್ತಕದ ಚಿತ್ರ ಬಂದಿದ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಿಂದ. ಅದರಲ್ಲಿ ನೋಡಬೇಕಾದರೆ ಕೋಶವನ್ನು ಮೊದಲು ಸಾಯಿಸಿ, ಗಟ್ಟಿ ಮಾಡಿ, 100 ನ್ಯಾನೋಮೀಟರ್‌ಗಿಂತ ತೆಳುವಾದ ಹೋಳುಗಳಾಗಿ ಕೊಯ್ಯಬೇಕು. ಒಂದು ಹಿಡಿ ಶ್ಯಾವಿಗೆಯನ್ನು ಕಟ್ಟಿ ಅಡ್ಡಡ್ಡ ಕೊಯ್ದರೆ ಕೊಯ್ದ ಮುಖದಲ್ಲಿ ಏನು ಕಾಣುತ್ತದೆ? ಸಣ್ಣ ಸಣ್ಣ ಬೊಟ್ಟುಗಳು, ಓರೆಯಾಗಿ ಕೊಯ್ದಲ್ಲಿ ಉದ್ದುರುಟು. ಇಲ್ಲೂ ಹಾಗೇ. ಉದ್ದದ ಎಳೆ ಹೋಳಿನಲ್ಲಿ ಉದ್ದುರುಟಾಗಿ ಕಾಣುತ್ತದೆ.

ಹಾಗಂತ ಪುಸ್ತಕದ ಚಿತ್ರ ಸುಳ್ಳಲ್ಲ. ಯಾವ ಕೋಶ ಅನ್ನುವುದರ ಮೇಲೆ ಆಕಾರ ನಿಂತಿದೆ. ಹೃದಯದ ಸ್ನಾಯುಕೋಶದಲ್ಲಿ ಮೈಟೋಕಾಂಡ್ರಿಯಾಗಳು ನಿಜವಾಗಿಯೂ ಗಿಡ್ಡವಾಗಿ, ಸ್ನಾಯುತಂತುಗಳ ಸಾಲುಗಳ ನಡುವೆ ಒತ್ತಾಗಿ ಕೂತಿರುತ್ತವೆ. ಕೋಶದ ಗಾತ್ರದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅವೇ. ಚರ್ಮದ ಕೆಳಗಿನ ಫೈಬ್ರೋಬ್ಲಾಸ್ಟ್ ಕೋಶದಲ್ಲಿ ಉದ್ದನೆಯ ಎಳೆಗಳು, ಕೆಲವೊಮ್ಮೆ ಕವಲೊಡೆದ ಬಲೆ. ವೀರ್ಯಾಣುವಿನಲ್ಲಿ ಬಾಲದ ಬುಡದ ಸುತ್ತ ಸುರುಳಿಯಾಗಿ ಸುತ್ತಿಕೊಂಡಿರುತ್ತವೆ. ಕೆಂಪು ರಕ್ತಕಣದಲ್ಲಂತೂ ಇಲ್ಲವೇ ಇಲ್ಲ.

ಹಳೇ_ಮೇಷ್ಟ್ರು

ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು ನಾನು. ಇದರ ಇತಿಹಾಸ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಎಳೆಗಳು ಹರಿದಾಡುವುದು ಹೊಸ ಸುದ್ದಿಯೇ ಅಲ್ಲ.

1915ರಲ್ಲಿ ಅಮೆರಿಕದ ಮಾರ್ಗರೆಟ್ ರೀಡ್ ಲೂಯಿಸ್ ಮತ್ತು ವಾರನ್ ಲೂಯಿಸ್ ದಂಪತಿ ಕೋಳಿ ಭ್ರೂಣದ ಕೋಶಗಳನ್ನು ಗಾಜಿನ ಮೇಲೆ ಬೆಳೆಸಿ, ಜೀವಂತವಾಗಿಯೇ ನೋಡಿ ಬರೆದರು. ಮೈಟೋಕಾಂಡ್ರಿಯಾ ಒಂದು ಕ್ಷಣವೂ ಸುಮ್ಮನಿರುವುದಿಲ್ಲ, ಬಾಗುತ್ತದೆ, ಕವಲೊಡೆಯುತ್ತದೆ, ಸೇರುತ್ತದೆ, ತುಂಡಾಗುತ್ತದೆ ಎಂದು. 10 ನಿಮಿಷದಲ್ಲಿ ಒಂದೇ ಮೈಟೋಕಾಂಡ್ರಿಯಾ 15ರಿಂದ 20 ಸಲ ಆಕಾರ ಬದಲಿಸುವುದನ್ನು ಅವರು ಗಮನಿಸಿದ್ದರು. ನೂರು ವರ್ಷದ ಹಿಂದೆ, ಬರೀ ಕಣ್ಣು ಮತ್ತು ತಾಳ್ಮೆಯಿಂದ!

ಆಮೇಲೆ 1950ರ ದಶಕದ ಶುರುವಿನಲ್ಲಿ ಜಾರ್ಜ್ ಪಲಾಡೆ ಮತ್ತು ಫ್ರಿಟ್ಯೋಫ್ ಶೋಸ್ಟ್ರಾಂಡ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರಗಳನ್ನು ತೆಗೆದರು. ಒಳಪೊರೆಯ ಮಡಿಕೆಗಳು ಮೊದಲ ಸಲ ಸ್ಪಷ್ಟವಾಗಿ ಕಂಡವು. ಎಷ್ಟು ಸೊಗಸಾದ ಚಿತ್ರಗಳೆಂದರೆ, ಎಲ್ಲ ಪಠ್ಯಗಳೂ ಅವನ್ನೇ ಹಿಡಿದವು. ಶಕ್ತಿ ಹೇಗೆ ತಯಾರಾಗುತ್ತದೆ ಅನ್ನುವ ಪ್ರಶ್ನೆ ಮುಂದೆ ಬಂತು. ಪೀಟರ್ ಮಿಚೆಲ್ ಅವರ 1961ರ ವಿವರಣೆಗೆ 1978ರಲ್ಲಿ ನೊಬೆಲ್ ಬಂತು. ಆಕಾರದ ಪ್ರಶ್ನೆ ಪಕ್ಕಕ್ಕೆ ಸರಿಯಿತು. ನಾವೂ ಮಕ್ಕಳಿಗೆ ಅದನ್ನೇ ಬರೆಸಿದೆವು.

ಕೋಡುಗಲ್ಲು

ನಾನು ಸಾಫ್ಟ್‌ವೇರ್ ಕೆಲಸದವನು, ಜೀವಶಾಸ್ತ್ರ ಪಿಯುಸಿಗೇ ಬಿಟ್ಟೆ. ಆದರೂ ಕೇಳುತ್ತೇನೆ. ಮೈಟೋಕಾಂಡ್ರಿಯಾ ತಾನಾಗಿಯೇ ತುಂಡಾಗುತ್ತದಾ? ಅದಕ್ಕೆ ಅದರದೇ ಡಿಎನ್‌ಎ ಇದೆ ಅಂತಾರಲ್ಲ, ಒಂದು ಕಾಲದಲ್ಲಿ ಬ್ಯಾಕ್ಟೀರಿಯಾ ಆಗಿತ್ತು ಅಂತಲೂ ಓದಿದ್ದೇನೆ. ಹಾಗಿದ್ದರೆ ಬ್ಯಾಕ್ಟೀರಿಯಾ ಒಡೆದು ಎರಡಾಗುವ ಹಾಗೆ ಇದೂ ತನ್ನಷ್ಟಕ್ಕೆ ಎರಡಾಗಬೇಕಲ್ವಾ?

ಪೊರೆಯೊಳಗೆ

ಕೋಡುಗಲ್ಲು ಅವರೇ, ಅಲ್ಲೇ ಇರುವುದು ವಿಷಯ. ಇಲ್ಲ, ತನ್ನಷ್ಟಕ್ಕೆ ಆಗುವುದಿಲ್ಲ.

ಮನುಷ್ಯನ ಮೈಟೋಕಾಂಡ್ರಿಯಾದ ಡಿಎನ್‌ಎಯಲ್ಲಿ 16,569 ಅಕ್ಷರಗಳಿವೆ, 37 ಜೀನ್‌ಗಳಿವೆ. ಅವುಗಳಲ್ಲಿ ಪ್ರೋಟೀನ್ ಮಾಡುವುದು 13 ಮಾತ್ರ. ಆದರೆ ಮೈಟೋಕಾಂಡ್ರಿಯಾದಲ್ಲಿ ಕೆಲಸ ಮಾಡುವ ಪ್ರೋಟೀನ್‌ಗಳು ಸಾವಿರಕ್ಕೂ ಜಾಸ್ತಿ. ಉಳಿದದ್ದೆಲ್ಲ ಕೋಶಕೇಂದ್ರದ ಜೀನ್‌ಗಳಿಂದ ಬರಬೇಕು. ಆಕಾರ ಬದಲಿಸುವ ಪ್ರೋಟೀನ್‌ಗಳೂ ಅಲ್ಲಿಂದಲೇ ಬರುತ್ತವೆ.

ಕೂಡಿಸುವ ಕೆಲಸ ಹೀಗೆ. ಹೊರಪೊರೆಗಳನ್ನು ಮೈಟೋಫ್ಯೂಸಿನ್-1 ಮತ್ತು ಮೈಟೋಫ್ಯೂಸಿನ್-2 ಕೂಡಿಸುತ್ತವೆ. ಒಳಪೊರೆಗಳನ್ನು ಓಪಾ-1 ಕೂಡಿಸುತ್ತದೆ. ಈ ಜಾತಿಯ ಪ್ರೋಟೀನ್ ಮೊದಲು ಸಿಕ್ಕಿದ್ದು 1997ರಲ್ಲಿ, ಹಣ್ಣಿನ ನೊಣದ ವೀರ್ಯಾಣುಗಳಲ್ಲಿ. ಕೆಂಪು ಬಣ್ಣದ ಮೈಟೋಕಾಂಡ್ರಿಯಾ ಇರುವ ಒಂದು ಕೋಶ, ಹಸಿರು ಬಣ್ಣದವು ಇರುವ ಇನ್ನೊಂದು ಕೋಶ, ಎರಡನ್ನೂ ಒಂದಾಗಿಸಿದರೆ ಕೆಲವು ಗಂಟೆಗಳಲ್ಲಿ ಎಲ್ಲವೂ ಹಳದಿಯಾಗಿ ಕಾಣುತ್ತವೆ. ಅಂದರೆ ಒಳಗಿನ ಸರಕೆಲ್ಲ ಬೆರೆತುಹೋಗಿದೆ. ಮೈಟೋಫ್ಯೂಸಿನ್ ಎರಡೂ ಇಲ್ಲದ ಕೋಶಗಳಲ್ಲಿ ಹೀಗೆ ಬೆರೆಯುವುದೇ ಇಲ್ಲ.

ತುಂಡು ಮಾಡುವುದು ಡಿಆರ್‌ಪಿ-1 ಎಂಬ ಪ್ರೋಟೀನ್. ಇದು ಸಾಮಾನ್ಯವಾಗಿ ಕೋಶದ್ರವದಲ್ಲಿ ತೇಲಿಕೊಂಡಿರುತ್ತದೆ. ಬೇಕಾದಾಗ ಮೈಟೋಕಾಂಡ್ರಿಯಾದ ಮೇಲೆ ಬಂದು, ಒಂದಕ್ಕೊಂದು ಜೋಡಿಸಿಕೊಂಡು ಸುರುಳಿಯಾಗಿ ಸುತ್ತಿಕೊಳ್ಳುತ್ತದೆ. ಆಮೇಲೆ ಜಿಟಿಪಿ ಎಂಬ ಅಣುವನ್ನು ಒಡೆದು, ಆ ಶಕ್ತಿಯಿಂದ ಬಿಗಿಯುತ್ತದೆ.

ಇಲ್ಲೊಂದು ತೊಡಕಿತ್ತು. ಯೀಸ್ಟಿನಲ್ಲಿರುವ ಇದೇ ಪ್ರೋಟೀನ್ ಕಟ್ಟುವ ಸುರುಳಿಯ ಅಡ್ಡಳತೆ ಸುಮಾರು 100 ನ್ಯಾನೋಮೀಟರ್. ಮೈಟೋಕಾಂಡ್ರಿಯಾದ ದಪ್ಪ ಅದರ ಮೂರ್ನಾಲ್ಕು ಪಟ್ಟು. ಸುರುಳಿ ಇಷ್ಟು ದಪ್ಪದ ಎಳೆಯನ್ನು ಸುತ್ತುವುದು ಹೇಗೆ? ಅದಕ್ಕೂ ಮೊದಲು ಬೇರೆ ಯಾರೋ ಎಳೆಯನ್ನು ಹಿಸುಕಿ ಸಣ್ಣ ಮಾಡಬೇಕು.

ಉತ್ತರ 2011ರಲ್ಲಿ ಬಂತು, ಅಮೆರಿಕದ ಜೀಯಾ ವೋಲ್ಟ್ಜ್ ಅವರ ಪ್ರಯೋಗಾಲಯದಿಂದ. ಹಿಸುಕುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ! (ಕೋಶದ ತುಂಬ ಹರಡಿರುವ ಪೊರೆಯ ಬಲೆ ಇದು, ಮುಂದೆ ಈಆರ್ ಅಂತ ಬರೆಯುತ್ತೇನೆ.) ಈಆರ್‌ನ ಕೊಳವೆಗಳು ಮೈಟೋಕಾಂಡ್ರಿಯಾವನ್ನು ಅಡ್ಡಲಾಗಿ ಸುತ್ತಿಕೊಳ್ಳುತ್ತವೆ. ಸುತ್ತಿಕೊಂಡ ಜಾಗ ಸಪೂರವಾಗುತ್ತದೆ. ಡಿಆರ್‌ಪಿ-1 ಬರುವ ಮೊದಲೇ ಇದು ಆಗಿರುತ್ತದೆ. 2013ರಲ್ಲಿ ಇನ್ನೊಂದು ಗುಂಪು, ಈಆರ್ ಮೇಲಿನ ಒಂದು ಪ್ರೋಟೀನ್ ಅಲ್ಲೇ ಆ್ಯಕ್ಟಿನ್ ಎಂಬ ಪ್ರೋಟೀನಿನ ತಂತುಗಳನ್ನು ಬೆಳೆಸಿ ಒತ್ತಡಕ್ಕೆ ನೆರವಾಗುತ್ತದೆ ಎಂದು ತೋರಿಸಿತು. 2016ರಲ್ಲಿ ಇನ್ನೂ ಒಂದು ಸಂಗತಿ ಸೇರಿತು. ಮೈಟೋಕಾಂಡ್ರಿಯಾದ ಡಿಎನ್‌ಎ ಪ್ರತಿಯಾಗುತ್ತಿರುವ ಜಾಗಗಳಲ್ಲೇ ಈಆರ್ ಹೀಗೆ ಸುತ್ತಿಕೊಳ್ಳುವುದು ಹೆಚ್ಚು. ಹಾಗಾಗಿ ತುಂಡಾದಾಗ ಎರಡು ಭಾಗಕ್ಕೂ ಡಿಎನ್‌ಎ ಸಿಗುತ್ತದೆ.

ಅಂದರೆ ಎಲ್ಲಿ ತುಂಡಾಗಬೇಕು ಅನ್ನುವುದು ಮೈಟೋಕಾಂಡ್ರಿಯಾ ಒಂದರದೇ ತೀರ್ಮಾನ ಅಲ್ಲ. ಪಕ್ಕದ ಕಣದಂಗ ಅದರಲ್ಲಿ ಪಾಲುದಾರ. ಮೇಡಂ, ನಿಮ್ಮ ಎರಡನೇ ಪ್ರಶ್ನೆಗೂ ಇದೇ ನನ್ನ ಉತ್ತರ.

ಯೀಸ್ಟ್_ಗೆಳತಿ

ಮೇಲಿನ ಮಾತಿಗೆ ನನ್ನ ಕಡೆಯ ಸಾಕ್ಷಿ ಸೇರಿಸುತ್ತೇನೆ. ನಾನು ಯೀಸ್ಟ್ ಮೇಲೆ ಕೆಲಸ ಮಾಡುವವಳು. ಬ್ರೆಡ್ಡಿಗೆ ಹಾಕುವ ಯೀಸ್ಟೇ, ಬೇರೇನಲ್ಲ.

ಮೈಟೋಕಾಂಡ್ರಿಯಾದ ಆಕಾರ ಕೆಟ್ಟಿರುವ ಯೀಸ್ಟ್ ತಳಿಗಳು ತುಂಬಾ ಹಿಂದೆಯೇ ಸಿಕ್ಕಿದ್ದವು. ಎಳೆಗಳ ಬದಲು ದೊಡ್ಡ ದೊಡ್ಡ ಉಂಡೆಗಳು. ಯಾವ ಜೀನ್ ಕೆಟ್ಟರೆ ಹೀಗಾಗುತ್ತದೆ ಎಂದೂ ಗೊತ್ತಿತ್ತು. ಆ ಜೀನ್‌ಗಳು ಆಕಾರ ಕಾಯುವ ಕೆಲಸದವು ಎಂದುಕೊಂಡು ಹೆಸರನ್ನೂ ಹಾಗೇ ಇಟ್ಟಿದ್ದರು. 2009ರಲ್ಲಿ ಬೆನುವಾ ಕಾರ್ನ್‌ಮನ್, ಪೀಟರ್ ವಾಲ್ಟರ್ ಮತ್ತು ಸಂಗಡಿಗರು ಒಂದು ಜಾಣ ಪ್ರಯೋಗ ಮಾಡಿದರು. ಈಆರ್ ಮತ್ತು ಮೈಟೋಕಾಂಡ್ರಿಯಾವನ್ನು ಹತ್ತಿರ ಹಿಡಿದಿಡುವ ಒಂದು ಕೃತಕ ಪ್ರೋಟೀನನ್ನು ಕಟ್ಟಿದರು. ಅದು ಇದ್ದಾಗ ಮಾತ್ರ ಚೆನ್ನಾಗಿ ಬೆಳೆಯುವ ತಳಿ ಯಾವುದು ಎಂದು ಹುಡುಕಿದರು. ಅಂಥ ತಳಿಯಲ್ಲಿ ಕೆಟ್ಟಿರುವ ಜೀನೇ ನಿಜವಾದ ಕೊಂಡಿಯದ್ದು ಆಗಿರಬೇಕಲ್ವಾ? ಸಿಕ್ಕಿದ್ದು ಯಾವುದು ಅಂತೀರಿ? ಆಕಾರದ ಜೀನ್ ಎಂದು ಮೊದಲೇ ಗೊತ್ತಿದ್ದದ್ದೇ! ಅದರ ಜೊತೆಗಾರ ಪ್ರೋಟೀನ್‌ಗಳೂ ಆ ಹಳೆಯ ಪಟ್ಟಿಯವೇ. ನಾಲ್ಕು ಪ್ರೋಟೀನ್ ಸೇರಿ ಎರಡು ಕಣದಂಗಗಳ ನಡುವೆ ಕೊಂಡಿಯಾಗಿ ನಿಲ್ಲುತ್ತವೆ.

ಈ ಪ್ರಯೋಗ ನನಗೆ ತುಂಬಾ ಇಷ್ಟ. ಪಕ್ಕದವರ ಜೊತೆಗಿನ ಕೊಂಡಿ ಕಳಚಿದರೆ ಆಕಾರವೇ ಕೆಡುತ್ತದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲು ಆಗದು.

ನಮ್ಮ ಊರಿನದೂ ಒಂದು ಕೆಲಸ ಇದೆ. ವೈಷ್ಣವಿ ಅನಂತನಾರಾಯಣನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಅವರ ಗುಂಪು 2019ರಲ್ಲಿ ಪ್ರಕಟಿಸಿದ್ದು. ಇನ್ನೊಂದು ಜಾತಿಯ ಯೀಸ್ಟಿನಲ್ಲಿ ಮೈಟೋಕಾಂಡ್ರಿಯಾಗಳು ಮೈಕ್ರೋಟ್ಯೂಬ್ಯೂಲ್ ಎಂಬ ಉದ್ದನೆಯ ಪ್ರೋಟೀನ್ ಕೊಳವೆಗಳಿಗೆ ಅಂಟಿಕೊಂಡಿರುತ್ತವೆ. ಹೀಗೆ ಅಂಟಿರುವಾಗ ತುಂಡು ಮಾಡುವ ಪ್ರೋಟೀನಿಗೆ ಸುತ್ತಲೂ ಉಂಗುರ ಕಟ್ಟಲು ಆಗುವುದಿಲ್ಲ. ಆದ್ದರಿಂದ ಎಳೆ ಉದ್ದವಾಗಿಯೇ ಉಳಿಯುತ್ತದೆ. ಮೈಕ್ರೋಟ್ಯೂಬ್ಯೂಲ್ ಉದ್ದ ಇರುವ ತಳಿಯಲ್ಲಿ ಮೈಟೋಕಾಂಡ್ರಿಯಾ ಕಡಿಮೆ ಸಂಖ್ಯೆ, ಜಾಸ್ತಿ ಉದ್ದ. ಗಿಡ್ಡ ಇರುವ ತಳಿಯಲ್ಲಿ ಚೂರುಚೂರು. ಕೋಶ ವಿಭಜನೆ ಶುರುವಾದಾಗ ಕೋಶದ್ರವದ ಮೈಕ್ರೋಟ್ಯೂಬ್ಯೂಲ್‌ಗಳು ಕರಗುತ್ತವೆ, ಮೈಟೋಕಾಂಡ್ರಿಯಾಗಳು ಬಿಡುಗಡೆಯಾಗಿ ತುಂಡಾಗುತ್ತವೆ. ಸಂಖ್ಯೆ ಜಾಸ್ತಿಯಾದ್ದರಿಂದ ಎರಡೂ ಮರಿಕೋಶಗಳಿಗೆ ಸಾಕಷ್ಟು ಪಾಲು ಸಿಗುತ್ತದೆ. ಎಷ್ಟು ಅಚ್ಚುಕಟ್ಟು ನೋಡಿ!

ತುಂಗಾತೀರ_ಟೀಚರ್

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಎರಡೆರಡು ಸಲ ಓದಿದೆ. ಒಂದು ಸಂದೇಹ. ಈಆರ್ ಮತ್ತು ಮೈಟೋಕಾಂಡ್ರಿಯಾ ಇಷ್ಟು ಹತ್ತಿರ ಇರುವುದು ಬರೀ ತುಂಡು ಮಾಡುವುದಕ್ಕಾ? ಬೇರೆ ವ್ಯವಹಾರ ಏನಾದರೂ ಇದೆಯಾ?

ಪೊರೆಯೊಳಗೆ

ತುಂಬಾ ಇದೆ ಮೇಡಂ. ಎರಡರ ನಡುವಿನ ಅಂತರ ಸಾಮಾನ್ಯವಾಗಿ 10ರಿಂದ 30 ನ್ಯಾನೋಮೀಟರ್. ಪೊರೆಗಳು ಕೂಡಿಕೊಳ್ಳುವುದಿಲ್ಲ, ಮುಟ್ಟುವಷ್ಟು ಹತ್ತಿರ ನಿಲ್ಲುತ್ತವೆ, ಅಷ್ಟೇ.

ಆ ಸಂದಿಯಲ್ಲಿ ಕೊಬ್ಬಿನ ಅಣುಗಳು ಹೋಗಿಬರುತ್ತವೆ. ಪೊರೆ ಕಟ್ಟಲು ಬೇಕಾದ ಒಂದು ಫಾಸ್ಫೋಲಿಪಿಡ್ ಈಆರ್‌ನಲ್ಲಿ ತಯಾರಾಗಿ ಮೈಟೋಕಾಂಡ್ರಿಯಾಕ್ಕೆ ಬರುತ್ತದೆ. ಅಲ್ಲಿ ಸ್ವಲ್ಪ ಬದಲಾಗಿ ಮತ್ತೆ ಈಆರ್‌ಗೆ ವಾಪಸ್ ಹೋಗುತ್ತದೆ. ಅಲ್ಲಿ ಇನ್ನೊಂದು ರೂಪ ಪಡೆಯುತ್ತದೆ. ಕೆನಡಾದ ಜೀನ್ ವಾನ್ಸ್ 1990ರಲ್ಲಿ ಮೈಟೋಕಾಂಡ್ರಿಯಾವನ್ನು ಕೋಶದಿಂದ ಬೇರ್ಪಡಿಸಿದಾಗ ಈ ಕೆಲಸಕ್ಕೆ ಬೇಕಾದ ಈಆರ್ ಭಾಗ ಅದಕ್ಕೇ ಅಂಟಿಕೊಂಡು ಬರುವುದನ್ನು ತೋರಿಸಿದರು. ಆಗ ಎಷ್ಟೋ ಜನ ಅದನ್ನು ಸರಿಯಾಗಿ ಶುದ್ಧವಾಗದ ಕೊಳೆ ಎಂದೇ ಭಾವಿಸಿದ್ದರು.

ಕ್ಯಾಲ್ಸಿಯಂ ಇನ್ನೊಂದು. ಈಆರ್ ಕೋಶದ ಕ್ಯಾಲ್ಸಿಯಂ ಸಂಗ್ರಹ. ಅದು ಬಾಗಿಲು ತೆರೆದಾಗ ಆ ಸಣ್ಣ ಸಂದಿಯಲ್ಲಿ ಮಾತ್ರ ಕ್ಯಾಲ್ಸಿಯಂ ಪ್ರಮಾಣ ಒಮ್ಮೆಲೇ ಏರುತ್ತದೆ. ಮೈಟೋಕಾಂಡ್ರಿಯಾ ಅದನ್ನು ಒಳಗೆ ಎಳೆದುಕೊಂಡು ಶಕ್ತಿ ತಯಾರಿಕೆ ಜೋರು ಮಾಡುತ್ತದೆ. ಜಾಸ್ತಿ ಎಳೆದುಕೊಂಡರೆ ಕೋಶವೇ ಸಾಯಬಹುದು. ಹಾಗಾಗಿ ಸಂದಿ ಎಷ್ಟು ಅಗಲ, ಎಷ್ಟು ಉದ್ದ ಅನ್ನುವುದು ಸಣ್ಣ ವಿಷಯವಲ್ಲ.

ಇಂಥ ಸಂದಿಗಳು ಬೇರೆ ಕಡೆಯೂ ಇವೆ. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಸಂಸ್ಥೆಯಲ್ಲಿ ಪಡಿಂಜಟ್ ರಘು ಅವರ ಗುಂಪು ಹಣ್ಣಿನ ನೊಣದ ಕಣ್ಣಿನಲ್ಲಿ ಈಆರ್ ಮತ್ತು ಕೋಶದ ಹೊರಪೊರೆ ನಡುವಿನ ಸಂದಿಯನ್ನು ಅಧ್ಯಯನ ಮಾಡುತ್ತದೆ. ಅಲ್ಲಿ ಲಿಪಿಡ್ ಸಾಗಿಸುವ ಒಂದು ಪ್ರೋಟೀನ್ ಕೆಟ್ಟರೆ, ಬೆಳಕಿಗೆ ಒಡ್ಡಿದ ನೊಣದ ಕಣ್ಣಿನ ಕೋಶಗಳು ಹಾಳಾಗುತ್ತವೆ.

2017ರಲ್ಲಿ ಜೆನಿಫರ್ ಲಿಪ್ಪಿನ್‌ಕಾಟ್-ಶ್ವಾರ್ಟ್ಸ್ ಅವರ ಗುಂಪು ಒಂದೇ ಕೋಶದಲ್ಲಿ ಆರು ಕಣದಂಗಗಳಿಗೆ ಆರು ಬಣ್ಣ ಹಾಕಿ ಒಟ್ಟಿಗೆ ಚಿತ್ರೀಕರಿಸಿತು. ಈಆರ್, ಮೈಟೋಕಾಂಡ್ರಿಯಾ, ಗಾಲ್ಗಿ, ಲೈಸೋಸೋಮ್, ಪೆರಾಕ್ಸಿಸೋಮ್, ಕೊಬ್ಬಿನ ಹನಿ. ಆರೂ ಒಂದನ್ನೊಂದು ಮುಟ್ಟುತ್ತಲೇ ಇರುತ್ತವೆ. ಎಲ್ಲಕ್ಕಿಂತ ಜಾಸ್ತಿ ಮುಟ್ಟುವುದು ಈಆರ್. ಪಠ್ಯದ ಬೇರೆ ಬೇರೆ ಪ್ಯಾರಾಗಳು ಕೋಶಕ್ಕೆ ಅನ್ಯಾಯ ಮಾಡುತ್ತವೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಯಲುಸೀಮೆ_ಓಟಗಾರ

ನಮಸ್ತೆ. ಕೂಡಿರುವ ಮೈಟೋಕಾಂಡ್ರಿಯಾ ಆರೋಗ್ಯ, ತುಂಡಾದರೆ ಕಾಯಿಲೆ ಅಂತ ಒಂದು ಫಿಟ್‌ನೆಸ್ ವಿಡಿಯೋದಲ್ಲಿ ಕೇಳಿದೆ. "ಮೈಟೋಕಾಂಡ್ರಿಯಾ ಕೂಡಿಸುವ" ಮಾತ್ರೆಯನ್ನೂ ಮಾರುತ್ತಿದ್ದಾರೆ. ತಗೋಬಹುದಾ?

ಯೀಸ್ಟ್_ಗೆಳತಿ

ದಯವಿಟ್ಟು ದುಡ್ಡು ಹಾಕಬೇಡಿ. ಕೂಡುವುದು ಒಳ್ಳೆಯದು, ತುಂಡಾಗುವುದು ಕೆಟ್ಟದ್ದು ಅನ್ನುವುದೇ ತಪ್ಪು ಲೆಕ್ಕ.

ಕೂಡಿಸುವ ಮೈಟೋಫ್ಯೂಸಿನ್ ಇಲ್ಲದ ಇಲಿಮರಿಗಳು ಗರ್ಭದಲ್ಲೇ ಸಾಯುತ್ತವೆ. ಇದು 2003ರಲ್ಲಿ ಗೊತ್ತಾಯಿತು. ತುಂಡು ಮಾಡುವ ಡಿಆರ್‌ಪಿ-1 ಇಲ್ಲದವೂ ಗರ್ಭದಲ್ಲೇ ಸಾಯುತ್ತವೆ. ಇದು 2009ರಲ್ಲಿ ಗೊತ್ತಾಯಿತು. ಎರಡೂ ಬೇಕು. ಯೀಸ್ಟಿನಲ್ಲಿ ಇನ್ನೊಂದು ವಿಚಿತ್ರ 1999ರಲ್ಲೇ ಕಂಡಿತ್ತು. ಕೂಡಿಸುವ ಜೀನ್ ಮಾತ್ರ ಕೆಟ್ಟರೆ ಮೈಟೋಕಾಂಡ್ರಿಯಾ ಚೂರುಚೂರಾಗುತ್ತದೆ. ತುಂಡು ಮಾಡುವ ಜೀನನ್ನೂ ಕೆಡಿಸಿದರೆ ಆಕಾರ ಹೆಚ್ಚುಕಡಿಮೆ ಮೊದಲಿನಂತೆ ಎಳೆಯಾಗುತ್ತದೆ! ಅಂದರೆ ನಾವು ನೋಡುವ ಆಕಾರ ಎರಡು ಕೆಲಸಗಳ ನಡುವಿನ ತೂಕ.

ಮದ್ದಿನ ವಿಷಯಕ್ಕೆ ಬಂದರೆ, ಪ್ರಯೋಗಾಲಯಗಳಲ್ಲಿ ಎಂಡಿವಿ-1 ಎಂಬ ರಾಸಾಯನಿಕವನ್ನು ಡಿಆರ್‌ಪಿ-1 ತಡೆಯುತ್ತದೆ ಎಂದು ವರ್ಷಗಟ್ಟಲೆ ಬಳಸಿದರು. 2017ರಲ್ಲಿ ಒಂದು ಗುಂಪು ಪರೀಕ್ಷಿಸಿದಾಗ ಅದು ಉಸಿರಾಟದ ಸರಪಳಿಯ (ಮೈಟೋಕಾಂಡ್ರಿಯಾದಲ್ಲಿ ಶಕ್ತಿ ತಯಾರಿಸುವ ಪ್ರೋಟೀನ್‌ಗಳ ಸಾಲು) ಮೊದಲ ಸಂಕೀರ್ಣವನ್ನೇ ತಡೆಯುತ್ತಿತ್ತು. ಪ್ರಯೋಗಾಲಯದ ರಾಸಾಯನಿಕದ ಕಥೆಯೇ ಹೀಗಿರುವಾಗ, ಡಬ್ಬಿಯಲ್ಲಿ ಮಾರುವ ಪುಡಿಯನ್ನು ಯಾವ ಧೈರ್ಯದಿಂದ ನಂಬುವುದು?

ನೀವು ಓಟಗಾರರು ಅಲ್ವಾ, ಓಡುತ್ತಾ ಇರಿ. ದಿನಾ ಓಡಿಸಿದ ಇಲಿಗಳ ಸ್ನಾಯುವಿನಲ್ಲಿ ಮೈಟೋಕಾಂಡ್ರಿಯಾದ ಸಾಮರ್ಥ್ಯ ಏರುವುದನ್ನು ಜಾನ್ ಹೊಲೋಸಿ 1967ರಲ್ಲೇ ತೋರಿಸಿದ್ದಾರೆ. ಮನುಷ್ಯರಲ್ಲೂ ಅದು ಮತ್ತೆ ಮತ್ತೆ ಕಂಡಿದೆ.

ಕೋಡುಗಲ್ಲು

ತುಂಡಾಗುವುದರಿಂದ ಏನು ಲಾಭ? ಕೋಶ ವಿಭಜನೆಗೆ ಬೇಕು ಅಂತ ಅರ್ಥವಾಯಿತು. ಆದರೆ ನರಕೋಶ ವಿಭಜನೆಯಾಗುವುದೇ ಇಲ್ಲವಲ್ಲ.

ಪೊರೆಯೊಳಗೆ

ಒಳ್ಳೆಯ ಪ್ರಶ್ನೆ. ಹಾಳಾದ ಭಾಗವನ್ನು ಬೇರ್ಪಡಿಸಿ ವಿಲೇವಾರಿ ಮಾಡಬೇಕು. ಇಲ್ಲಿ ಕೋಶದ ಕಸವನ್ನು ಜೀರ್ಣ ಮಾಡುವ ಲೈಸೋಸೋಮ್ ಬರುತ್ತದೆ.

2021ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಸುಲಿಯಾನಾ ಮ್ಯಾನ್ಲಿ ಅವರ ಗುಂಪು ಒಂದು ಸರಳ ಕೆಲಸ ಮಾಡಿತು. ಮೈಟೋಕಾಂಡ್ರಿಯಾ ತುಂಡಾಗುವುದು ಎಳೆಯ ಯಾವ ಭಾಗದಲ್ಲಿ ಎಂದು ಲೆಕ್ಕ ಹಾಕಿತು. ಮಧ್ಯದಲ್ಲಿ ತುಂಡಾದರೆ ಎರಡೂ ಭಾಗ ಆರೋಗ್ಯವಾಗಿದ್ದು, ಮುಂದೆ ಬೆಳೆಯುತ್ತವೆ. ಅಲ್ಲಿ ಈಆರ್ ಮತ್ತು ಆ್ಯಕ್ಟಿನ್ ಹಾಜರಿರುತ್ತವೆ. ತುದಿಯ ಹತ್ತಿರ ತುಂಡಾದರೆ ಕಥೆ ಬೇರೆ. ಆ ಸಣ್ಣ ತುದಿಯಲ್ಲಿ ಮೊದಲೇ ವಿದ್ಯುತ್ ವಿಭವ (ಶಕ್ತಿ ತಯಾರಿಸಲು ಬೇಕಾದ, ಒಳಪೊರೆಯ ಎರಡು ಬದಿಗಳ ನಡುವಿನ ವೋಲ್ಟೇಜ್) ಕುಸಿದಿರುತ್ತದೆ. ಲೈಸೋಸೋಮ್ ಬಂದು ಮುಟ್ಟಿರುತ್ತದೆ. ತುಂಡಾದ ಮೇಲೆ ಆ ಚೂರು ಜೀರ್ಣವಾಗಲು ಹೋಗುತ್ತದೆ. ಎರಡಕ್ಕೂ ಡಿಆರ್‌ಪಿ-1 ಬೇಕು. ಆದರೆ ಅದನ್ನು ಕರೆಯುವ ಪ್ರೋಟೀನ್ ಬೇರೆ ಬೇರೆ. ಒಂದೇ ಕೆಲಸದಂತೆ ಕಾಣುವುದು ಎರಡು ಕೆಲಸ, ನೆರೆಯವರು ಯಾರು ಅನ್ನುವುದರ ಮೇಲೆ.

ಕಳಚಿದ ಚೂರು ಮತ್ತೆ ಹೋಗಿ ಕೂಡಿಕೊಂಡರೆ ಏನು ಪ್ರಯೋಜನ? ಅದನ್ನು ತಡೆಯಲು ಪಿಂಕ್-1 ಮತ್ತು ಪಾರ್ಕಿನ್ ಎಂಬ ಎರಡು ಪ್ರೋಟೀನ್‌ಗಳಿವೆ. ಆರೋಗ್ಯವಂತ ಮೈಟೋಕಾಂಡ್ರಿಯಾ ಪಿಂಕ್-1 ಅನ್ನು ಒಳಗೆಳೆದು ನಾಶ ಮಾಡುತ್ತಿರುತ್ತದೆ. ವಿಭವ ಕುಸಿದಾಗ ಒಳಗೆಳೆಯಲು ಆಗುವುದಿಲ್ಲ, ಪಿಂಕ್-1 ಹೊರಪೊರೆಯ ಮೇಲೆ ಸೇರಿಕೊಳ್ಳುತ್ತದೆ. ಅದು ಪಾರ್ಕಿನ್‌ ಅನ್ನು ಕರೆಯುತ್ತದೆ. ಪಾರ್ಕಿನ್ ಮೈಟೋಫ್ಯೂಸಿನ್‌ಗಳಿಗೆ ನಾಶದ ಗುರುತು ಹಾಕುತ್ತದೆ. ಮತ್ತೆ ಕೂಡುವ ದಾರಿ ಮುಚ್ಚಿತು. ಈ ಎರಡು ಪ್ರೋಟೀನ್‌ಗಳ ಜೀನ್‌ಗಳು ಕೆಟ್ಟಾಗ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಕಾಯಿಲೆ ಬರುತ್ತದೆ.

ಇನ್ನೊಂದನ್ನು ಹೇಳದೆ ಇರಲಾರೆ. ಕೋಶಕ್ಕೆ ಉಪವಾಸ ಹಾಕಿದರೆ ಅದು ತನ್ನದೇ ಭಾಗಗಳನ್ನು ಜೀರ್ಣ ಮಾಡಿಕೊಳ್ಳಲು ಶುರು ಮಾಡುತ್ತದೆ. ಆಗ ಮೈಟೋಕಾಂಡ್ರಿಯಾಗಳು ಉದ್ದವಾಗಿ ಕೂಡಿಕೊಳ್ಳುತ್ತವೆ, ಯಾಕೆಂದರೆ ಡಿಆರ್‌ಪಿ-1ಗೆ ಒಂದು ಫಾಸ್ಫೇಟ್ ಅಂಟಿಸಿ ಅದನ್ನು ದೂರ ಇಡಲಾಗುತ್ತದೆ. ಉದ್ದ ಎಳೆಗಳು ಜೀರ್ಣವಾಗದೆ ಉಳಿಯುತ್ತವೆ. 2011ರಲ್ಲಿ ಎರಡು ಗುಂಪುಗಳು ಇದನ್ನು ಬೇರೆ ಬೇರೆಯಾಗಿ ಕಂಡವು. ಅದೇ ಹೊತ್ತಿನಲ್ಲಿ ಕೊಬ್ಬಿನ ಹನಿಗಳಿಂದ ಕೊಬ್ಬಿನಾಮ್ಲ ಮೈಟೋಕಾಂಡ್ರಿಯಾಕ್ಕೆ ಹರಿಯುತ್ತದೆ, ಕೂಡಿಕೊಂಡ ಬಲೆಯಲ್ಲಿ ಎಲ್ಲ ಕಡೆಗೂ ಹಂಚಿಹೋಗುತ್ತದೆ.

ಹಳೇ_ಮೇಷ್ಟ್ರು

ಟೀಚರಮ್ಮ, ತರಗತಿಗೆ ಒಂದು ಸಲಹೆ. ಪರೀಕ್ಷೆಗೆ ಪುಸ್ತಕದ ಚಿತ್ರವೇ ಇರಲಿ, ಮಕ್ಕಳ ಅಂಕ ಹೋಗಬಾರದು. ಆದರೆ ಇಡೀ ಕೋಶ ಬರೆಸುವಾಗ ಈಆರ್ ಅನ್ನು ಒಂದು ಮೂಲೆಗೆ ಹಾಕಬೇಡಿ. ಕೋಶಕೇಂದ್ರದಿಂದ ಹೊರಪೊರೆವರೆಗೂ ಹರಡಿ, ಮೈಟೋಕಾಂಡ್ರಿಯಾಗಳನ್ನು ಅದಕ್ಕೆ ತಾಗಿಸಿ ಬರೆಸಿ. ಹತ್ತಿರದ ಡಿಗ್ರಿ ಕಾಲೇಜಿನಲ್ಲಿ ಜೇನಸ್ ಗ್ರೀನ್ ಬಿ ಬಣ್ಣ ಸಿಕ್ಕರೆ ಕೆನ್ನೆಯ ಒಳಗಿನ ಕೋಶಕ್ಕೆ ಹಾಕಿ ತೋರಿಸಿ. ಹೆಚ್ಚಿನ ವರ್ಧನೆಯಲ್ಲಿ ನೀಲಿಹಸಿರು ಚುಕ್ಕೆಗಳು ಕಾಣುತ್ತವೆ. ಸ್ವಲ್ಪ ಹೊತ್ತಿನಲ್ಲಿ ಬಣ್ಣ ಮಾಸುತ್ತದೆ, ಅದಕ್ಕೇ ಬೇಗ ನೋಡಬೇಕು.

ನೀಲಿ_ಶಂಖಪುಷ್ಪ

ನನ್ನ ಮಗನಿಗೆ ಹನ್ನೊಂದು ವರ್ಷ. ನಡೆಯುವಾಗ ಪಾದ ಎಳೆಯುತ್ತಾನೆ. ಮೊದಲು ತೋರಿಸಿದ ಕಡೆ ಶೂ ಬದಲಿಸಿ ಅಂದರು. ಎರಡು ವರ್ಷ ಹಾಗೇ ಹೋಯಿತು. ಕೊನೆಗೆ ಜೀನ್ ಪರೀಕ್ಷೆಯ ವರದಿಯಲ್ಲಿ ಬಂದ ಹೆಸರು ಮೈಟೋಫ್ಯೂಸಿನ್-2. ಷಾರ್ಕೋ-ಮಾರಿ-ಟೂತ್ (ಕೈಕಾಲಿನ ನರಗಳ ಒಂದು ಆನುವಂಶಿಕ ಕಾಯಿಲೆ), ಎರಡು ಎ ಅಂತ ಬರೆದಿದ್ದಾರೆ. ಆ ಜೀನ್ ಏನು ಮಾಡುತ್ತದೆ ಅಂತ ಯಾರೂ ಹೇಳಿರಲಿಲ್ಲ. ಹುಡುಕುತ್ತಾ ಇಲ್ಲಿಗೆ ಬಂದೆ, ಇವತ್ತು ಗೊತ್ತಾಯಿತು. ಎಲ್ಲ ಕೋಶದಲ್ಲೂ ಇರುವ ಜೀನ್ ಆದರೆ ಕಾಲಿಗೇ ಯಾಕೆ ಬಂತು? ಅವನ ತಂಗಿಗೂ ಪರೀಕ್ಷೆ ಮಾಡಿಸಬೇಕಾ?

ಪೊರೆಯೊಳಗೆ

ಅಕ್ಕಾ, ಕಾಲಿನ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಪಾದಕ್ಕೆ ಹೋಗುವ ನರಕೋಶದ ದೇಹ ಬೆನ್ನುಹುರಿಯಲ್ಲಿ ಅಥವಾ ಅದರ ಪಕ್ಕದಲ್ಲಿ ಇರುತ್ತದೆ. ಅದರ ಎಳೆ ಪಾದದವರೆಗೆ ಹೋಗಬೇಕು. ದೊಡ್ಡವರಲ್ಲಿ ಅದು ಒಂದು ಮೀಟರ್‌ವರೆಗೂ ಇರಬಹುದು. ಮೈಟೋಕಾಂಡ್ರಿಯಾಗಳನ್ನು ಅಷ್ಟು ದೂರ ಮೈಕ್ರೋಟ್ಯೂಬ್ಯೂಲ್ ಮೇಲೆ ಮೋಟಾರ್ ಪ್ರೋಟೀನ್‌ಗಳು ಸಾಗಿಸಬೇಕು. ಮೈಟೋಫ್ಯೂಸಿನ್-2 ಕೂಡಿಸುವ ಕೆಲಸದ ಜೊತೆಗೆ ಆ ಸಾಗಣೆಗೂ, ಈಆರ್ ಜೊತೆಗಿನ ಸಂಪರ್ಕಕ್ಕೂ ಬೇಕು. ಅದು ಕೆಟ್ಟಾಗ ಅತಿ ಉದ್ದದ ನರಗಳ ತುದಿಗೆ ಮೊದಲು ಕೊರತೆ ಆಗುತ್ತದೆ. ಆದ್ದರಿಂದ ಪಾದ ಮೊದಲು, ಆಮೇಲೆ ಕೈಬೆರಳು. ನೀವು ಮಾಡಿದ್ದರಿಂದ ಅಥವಾ ಮಾಡದೆ ಇದ್ದದ್ದರಿಂದ ಇದು ಬಂದಿಲ್ಲ. ಪರೀಕ್ಷೆಯ ಬಗ್ಗೆ ವೈದ್ಯರೇ ಹೇಳಲಿ.

ನರರೋಗ_ವೈದ್ಯ

ನಾನು ಮೈಸೂರಿನಲ್ಲಿ ನರರೋಗ ನೋಡುತ್ತೇನೆ. ಈ ಜೀನಿಗೂ ಈ ಕಾಯಿಲೆಗೂ ಇರುವ ನಂಟು 2004ರಲ್ಲಿ ಗೊತ್ತಾಯಿತು. ಒಳಪೊರೆ ಕೂಡಿಸುವ ಓಪಾ-1 ಕೆಟ್ಟರೆ ಕಣ್ಣಿನ ನರ ಒಣಗುತ್ತಾ ಬರುತ್ತದೆ, ಅದು 2000ದಲ್ಲಿ. 2007ರಲ್ಲಿ ಡಿಆರ್‌ಪಿ-1 ಕೆಟ್ಟ ಒಂದು ಹಸುಗೂಸಿನ ವರದಿ ಬಂತು. ಕೆಲವೇ ವಾರ ಬದುಕಿದ ಆ ಮಗುವಿನ ಕೋಶಗಳಲ್ಲಿ ಮೈಟೋಕಾಂಡ್ರಿಯಾ ಮಾತ್ರವಲ್ಲ, ಪೆರಾಕ್ಸಿಸೋಮ್‌ಗಳೂ ಉದ್ದವಾಗಿದ್ದವು. ಎರಡನ್ನೂ ತುಂಡು ಮಾಡುವುದು ಒಂದೇ ಪ್ರೋಟೀನ್ ಆದ್ದರಿಂದ.

ಶಂಖಪುಷ್ಪ ಅವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೊದಲು ನೀವು ಮತ್ತು ನಿಮ್ಮ ಯಜಮಾನರು ಮಗನ ಜೀನಿನಲ್ಲಿ ಕಂಡ ಅದೇ ಬದಲಾವಣೆಗೆ ಪರೀಕ್ಷೆ ಮಾಡಿಸಿ. ಈ ಕಾಯಿಲೆ ಹೆಚ್ಚಿನ ಮನೆಗಳಲ್ಲಿ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಬರುವಂಥದ್ದು. ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ಇಬ್ಬರಲ್ಲೂ ಇಲ್ಲದಿದ್ದರೆ ಮಗನಲ್ಲೇ ಹೊಸದಾಗಿ ಹುಟ್ಟಿದ್ದು, ಆಗ ತಂಗಿಗೆ ಬರುವ ಸಾಧ್ಯತೆ ತೀರಾ ಕಡಿಮೆ, ಆದರೆ ಸೊನ್ನೆ ಅಲ್ಲ. ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ಕುಟುಂಬಗಳೂ ಕೆಲವಿವೆ, ವರದಿಯಲ್ಲಿ ಅದನ್ನು ನೋಡಿಸಿ. ತಂಗಿಗೆ ಲಕ್ಷಣ ಇಲ್ಲದಿದ್ದರೆ ಜೀನ್ ಪರೀಕ್ಷೆಗೆ ಅವಸರ ಬೇಡ. ನರರೋಗ ತಜ್ಞರು ಒಮ್ಮೆ ಕಾಲು, ನಡಿಗೆ, ರಿಫ್ಲೆಕ್ಸ್ ನೋಡಲಿ, ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ಮಾತಾಡಿ ಆಮೇಲೆ ತೀರ್ಮಾನಿಸಿ.

ಕಾಯಿಲೆ ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಆದರೆ ಮಾಡಬಹುದಾದದ್ದು ಇದೆ. ಹಿಮ್ಮಡಿಯ ಸ್ನಾಯು ಬಿಗಿಯಾಗದಂತೆ ದಿನಾ ಫಿಸಿಯೋಥೆರಪಿ ಮಾಡಿಸಿ. ಪಾದ ಜೋಲದಂತೆ ಕಣಕಾಲಿನ ಸ್ಪ್ಲಿಂಟ್ ಹಾಕಿಸಿ. ಇದೇ ಜೀನಿನಿಂದ ಕೆಲವು ಮಕ್ಕಳ ಕಣ್ಣಿನ ನರಕ್ಕೂ ತೊಂದರೆ ಆಗುವುದರಿಂದ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಇರಲಿ. ಮಗನ ಫೈಲಿನ ಮೊದಲ ಹಾಳೆಯಲ್ಲೇ ಕಾಯಿಲೆಯ ಹೆಸರು ಬರೆಸಿ. ವಿನ್‌ಕ್ರಿಸ್ಟಿನ್‌ನಂಥ (ಕ್ಯಾನ್ಸರಿಗೆ ಕೊಡುವ) ಔಷಧಗಳು ಇಂಥ ನರಗಳಿಗೆ ದೊಡ್ಡ ಹಾನಿ ಮಾಡಬಹುದು. ಮುಂದೆ ಯಾವ ಕಾರಣಕ್ಕೆ ಯಾವ ವೈದ್ಯರ ಬಳಿ ಹೋದರೂ ಅವರಿಗೆ ಇದು ಮೊದಲೇ ಗೊತ್ತಿರಬೇಕು.